ಕೂಡಿಟ್ಟ ರಜೆ

ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ದಿನ, ನನ್ನ ಬ್ಯಾಗಿನ ಹಿಡಿಗೆ ಏರ್‌ಪೋರ್ಟಿನಲ್ಲಿ ಅಂಟಿಸಿದ್ದ ಚೀಟಿ ಇನ್ನೂ ಹಾಗೇ ಇತ್ತು. ಟ್ರಿಪ್ ಮುಗಿಸಿ ಬಂದು ನಾಲ್ಕೇ ದಿನ. ಅದು ಆ ವರ್ಷದ ಐದನೆಯದು.

ಆಪರೇಷನ್ ಆಯಿತು. ಮೂರು ತಿಂಗಳು ಯಾರಾದರೂ ಒಬ್ಬರು ಜೊತೆಯಲ್ಲೇ ಇರಬೇಕು ಎಂದರು ಡಾಕ್ಟರ್. ಎಬ್ಬಿಸಿ ಕೂರಿಸಲು, ವಾಕರ್ ಹಿಡಿಸಿ ನಡೆಸಲು, ರಾತ್ರಿ ಬಾತ್‌ರೂಮಿಗೆ ಕರೆದುಕೊಂಡು ಹೋಗಲು. ನಾನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಸಂಬಳ ಸಿಗುವ ರಜೆಯೆಲ್ಲ ಆ ಐದು ಟ್ರಿಪ್ಪಿಗೇ ಮುಗಿದಿತ್ತು. ಸಂಬಳವಿಲ್ಲದ ರಜೆ ಹಾಕಿದರೆ ಎಷ್ಟು ದಿನ ತಳ್ಳಬಹುದು? ಖಾತೆಯಲ್ಲಿದ್ದ ಹಣವನ್ನು ತಿಂಗಳ ಖರ್ಚಿನಿಂದ ಭಾಗಿಸಿ, 30ರಿಂದ ಗುಣಿಸಿದೆ. 23 ದಿನ ಬಂತು. ತಪ್ಪಿರಬಹುದು ಅಂತ ಮತ್ತೊಮ್ಮೆ ಮಾಡಿದೆ. ಆಗಲೂ 23.

ಅಕ್ಕ ಬಂದು ಪಕ್ಕದಲ್ಲಿ ಕೂತಳು. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಮೊಬೈಲ್ ನೋಡಿದಳು.

"ನೀನು ಕೆಲಸಕ್ಕೆ ಹೋಗು. ನಾನಿರ್ತೀನಿ. ನನ್ನ ಹತ್ರ ಎಂಟು ತಿಂಗಳಿದೆ."

ಎಂಟು ತಿಂಗಳು ರಜೆ ಇದೆಯಾ ಅಂತ ಕೇಳಿದೆ.

"ರಜೆಯಲ್ಲ ಕಣೇ, ದುಡ್ಡು. ಎಂಟು ತಿಂಗಳು ಮನೇಲಿ ಕೂತರೂ ನಡೆಯೋವಷ್ಟು."

ಅಕ್ಕನ ಸಂಬಳ ನನ್ನದಕ್ಕಿಂತ ಕಡಿಮೆ. ಮನೆಯಲ್ಲಿ ಇಬ್ಬರು ಮಕ್ಕಳು ಬೇರೆ. ಆದರೂ ಅಮ್ಮನ ಹಾಸಿಗೆಯ ಪಕ್ಕ ಮೂರು ತಿಂಗಳು ಕೂತವಳು ಅವಳು. ನಾನು ಭಾನುವಾರ ಬಂದು ಹೋಗುವ ನೆಂಟಳಾದೆ.

ಆಗಾಗ ಟ್ರಿಪ್ ಹೋಗುವುದು ಅತಿಯಾಯಿತಾ, ಅದರ ಬದಲು ಹಣ ಕೂಡಿಡಬೇಕಿತ್ತಾ ಎಂಬ ಮಾತು ಬಂದಾಗಲೆಲ್ಲ ನನಗೆ ಆ ಬೆಂಚು ನೆನಪಾಗುತ್ತದೆ. ಈ ವಾದ ಎಲ್ಲ ಮನೆಯಲ್ಲೂ ನಡೆಯುತ್ತದೆ. ಒಬ್ಬರು ಹೇಳುತ್ತಾರೆ, ಹೋಗುವಾಗ ಏನು ಹೊತ್ತುಕೊಂಡು ಹೋಗ್ತೀವಿ, ಇರುವಾಗ ನೋಡಿಬಿಡೋಣ ಅಂತ. ಇನ್ನೊಬ್ಬರು, ಹಾಸಿಗೆ ಇದ್ದಷ್ಟು ಕಾಲು ಚಾಚು, ಹನಿ ಹನಿ ಕೂಡಿದರೆ ಹಳ್ಳ ಅಂತ. ಎರಡನ್ನೂ ನಾನೇ ಬೇರೆ ಬೇರೆ ವಯಸ್ಸಿನಲ್ಲಿ ಹೇಳಿದ್ದೇನೆ. ಎರಡೂ ಸುಳ್ಳಲ್ಲ. ಆದರೆ ಎರಡರಲ್ಲೂ ಉಳಿತಾಯ ಎಂದರೆ ಸುಖವನ್ನು ಮುಂದಕ್ಕೆ ಹಾಕುವುದು, ಟ್ರಿಪ್ ಎಂದರೆ ಸುಖವನ್ನು ಈಗಲೇ ಅನುಭವಿಸುವುದು. ಅಕ್ಕನ ಒಂದು ಮಾತು ಅದನ್ನು ತಲೆಕೆಳಗು ಮಾಡಿತು. ಅವಳ ಲೆಕ್ಕದಲ್ಲಿ ಉಳಿತಾಯವೂ ರಜೆಯೇ. ತಾರೀಖು ಹಾಕದ ರಜೆ. ಯಾವಾಗ ಬೇಕೋ ಆಗ, ಯಾರ ಸಹಿಯೂ ಇಲ್ಲದೆ ತೆಗೆದುಕೊಳ್ಳಬಹುದಾದ ರಜೆ.

ಅವತ್ತಿನಿಂದ ನಾನೂ ಹಣವನ್ನು ದಿನಗಳಲ್ಲಿ ಎಣಿಸುತ್ತೇನೆ.

ಹೀಗೆ ಎಣಿಸಲು ಶುರು ಮಾಡಿದರೆ ಮೊದಲು ಕಣ್ಣಿಗೆ ಬೀಳುವುದು ಇದು. ದುಡಿದ ನೂರರಲ್ಲಿ 10 ಉಳಿಸುವವರು 90 ಖರ್ಚು ಮಾಡುತ್ತಾರೆ. ಅಂದರೆ ಒಂದು ತಿಂಗಳ ಖರ್ಚಿನಷ್ಟು ಹಣ ಕೂಡಬೇಕಾದರೆ 9 ತಿಂಗಳು ದುಡಿಯಬೇಕು. ನೂರಕ್ಕೆ 20 ಉಳಿಸುವವರಿಗೆ 4 ತಿಂಗಳು ಸಾಕು. 25 ಉಳಿಸಿದರೆ 3 ತಿಂಗಳು. ನನ್ನ ಹಾಗೆ ಬರೀ 5 ಉಳಿಸುತ್ತಿದ್ದವರಿಗೆ 19 ತಿಂಗಳು! ನೂರರಲ್ಲಿ ಐದೋ ಹತ್ತೋ, ಅಂಥ ದೊಡ್ಡ ವ್ಯತ್ಯಾಸ ಏನಿದೆ ಅಂತ ನಾನು ಅಂದುಕೊಂಡಿದ್ದೆ. ಒಂದು ತಿಂಗಳ ಬಿಡುವಿಗೆ ಹತ್ತು ತಿಂಗಳು ಜಾಸ್ತಿ ದುಡಿಯಬೇಕಾಗುವ ವ್ಯತ್ಯಾಸ ಅದು.

ಒಂದೇ ಟ್ರಿಪ್ ಇಬ್ಬರಿಗೆ ಒಂದೇ ಬೆಲೆಯದ್ದಲ್ಲ ಎಂಬುದೂ ಇಲ್ಲೇ ತಿಳಿಯಿತು. ಒಂದು ತಿಂಗಳ ಖರ್ಚಿನಷ್ಟು ಹಣ ಸುರಿದು ಬಂದರೆ, ಕಾಲು ಭಾಗ ಉಳಿಸುವವರು ಮೂರು ತಿಂಗಳಲ್ಲಿ ಅದನ್ನು ತುಂಬಿಕೊಳ್ಳುತ್ತಾರೆ. ಐದು ಉಳಿಸುವವರು ಒಂದೂವರೆ ವರ್ಷ ಕಳೆದರೂ ತುಂಬಿಕೊಂಡಿರುವುದಿಲ್ಲ, ಅಷ್ಟರಲ್ಲಿ ಇನ್ನೆರಡು ಟ್ರಿಪ್ ಆಗಿರುತ್ತದೆ. ಹಾಗಾಗಿ ವರ್ಷಕ್ಕೆ ಎಷ್ಟು ಸಲ ಹೋದರೆ ಅತಿ ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದು ಸಂಖ್ಯೆ ಇಲ್ಲ. ಪಕ್ಕದ ಸೀಟಿನವರು ಆರು ಸಲ ಹೋದರು ಅಂತ ನಾವು ಆರು ಸಲ ಹೋಗುವುದಾಗಲಿ, ಅವರು ಹೋದರಲ್ಲ ಅಂತ ಆಡಿಕೊಳ್ಳುವುದಾಗಲಿ, ಎರಡೂ ಸರಿಯಲ್ಲ.

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ರಾತ್ರಿ ನಾನು ಆ ಐದು ಟ್ರಿಪ್ಪುಗಳ ಖರ್ಚನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಹಣದಲ್ಲಿ ಅಲ್ಲ, ದಿನಗಳಲ್ಲಿ. ಬೆಟ್ಟಕ್ಕೆ ಹೋದದ್ದು 12 ದಿನ. ಅಮ್ಮನ ಜೊತೆ ಕಡಲಿಗೆ 9. ದೂರದ ದೊಡ್ಡ ಟ್ರಿಪ್ 22. ಆಫೀಸಿನ ಗೆಳತಿಯರ ಜೊತೆಗಿನದು 19. ಕೊನೆಯದು 16. ಒಟ್ಟು 78. ಕೈಯಲ್ಲಿದ್ದ 23ಕ್ಕೆ ಇದನ್ನು ಸೇರಿಸಿದರೆ 101. ಅಮ್ಮನಿಗೆ ಬೇಕಿದ್ದದ್ದು 90.

ಪೆನ್ನು ಕೆಳಗಿಟ್ಟು ತುಂಬ ಹೊತ್ತು ಕೂತಿದ್ದೆ.

ಆಮೇಲೆ ಪ್ರತಿಯೊಂದರ ಮುಂದೆ ನೆನಪಿರುವುದನ್ನು ಬರೆಯೋಣ ಅಂತ ಹೊರಟೆ. ಬೆಟ್ಟದ ಮುಂದೆ ನಾಲ್ಕು ಸಾಲು ಬಂತು: ಬೆಳಗಿನ ಜಾವದ ಮಂಜು, ದಾರಿ ತಪ್ಪಿದ್ದು, ತಪ್ಪಿದ ದಾರಿಯಲ್ಲೇ ಸಿಕ್ಕ ತೊರೆ, ಕೊನೆಯ ದಿನ ಯಾರಿಗೂ ಇಳಿಯಲು ಮನಸ್ಸಾಗದೆ ಬಂಡೆಯ ಮೇಲೆ ಕೂತಿದ್ದು. ಗೆಳತಿಯರ ಟ್ರಿಪ್ ಮುಂದೆ ಒಂದು ಸಾಲು. ಕೊನೆಯದರ ಮುಂದೆ ಏನೂ ಬರಲಿಲ್ಲ. ಹದಿನಾರು ದಿನಗಳ ಬೆಲೆ ಕೊಟ್ಟಿದ್ದೆ. ಹೋಟೆಲ್ ರೂಮಿನ ಪರದೆ ದಪ್ಪಗಿತ್ತು, ಚೆನ್ನಾಗಿ ನಿದ್ದೆ ಬಂತು ಎಂಬುದಷ್ಟೇ ನೆನಪು. ಹೌದು, ನಾನು ಅಲ್ಲಿಗೆ ಹೋದದ್ದೇ ನಿದ್ದೆ ಮಾಡಲು. ಕೆಲಸದಲ್ಲಿ ಸುಸ್ತಾಗಿ, ಇನ್ನು ಆಗಲ್ಲ ಅನ್ನಿಸಿದ ಒಂದು ಗುರುವಾರ ರಾತ್ರಿ ಬುಕ್ ಮಾಡಿದ ಟ್ರಿಪ್ ಅದು.

ಮನಸ್ಸು ಹೀಗೇಕೆ ಮಾಡುತ್ತದೆ ಎಂಬುದನ್ನು ಬಹಳ ಕಾಲ ಅಭ್ಯಾಸ ಮಾಡಿದವರು ಡೇನಿಯಲ್ ಕಾನೆಮನ್. ಮನಃಶಾಸ್ತ್ರಜ್ಞರಾಗಿದ್ದೂ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಒಂದು ಅನುಭವ ಎಷ್ಟು ಹೊತ್ತು ನಡೆಯಿತು ಎಂಬುದು ನೆನಪಿನಲ್ಲಿ ಹೆಚ್ಚು ಉಳಿಯುವುದಿಲ್ಲ, ಅದರ ತೀರಾ ತೀವ್ರವಾದ ಗಳಿಗೆ ಮತ್ತು ಅದು ಮುಗಿದ ಬಗೆ ಉಳಿಯುತ್ತದೆ ಎಂದು ಅವರೂ ಅವರ ಜೊತೆಗಾರರೂ ತೋರಿಸಿದರು. ಅವರು ಕೇಳುತ್ತಿದ್ದ ಒಂದು ಪ್ರಶ್ನೆ ನನ್ನನ್ನು ಬಿಟ್ಟೇ ಇಲ್ಲ. ರಜೆ ಮುಗಿದ ಕೂಡಲೇ ಫೋಟೋಗಳೆಲ್ಲ ಅಳಿಸಿಹೋಗುತ್ತವೆ, ನೆನಪೂ ಅಳಿಸಿಹೋಗುತ್ತದೆ ಎಂದಿದ್ದರೆ ನೀವು ಅದೇ ಜಾಗಕ್ಕೆ ಹೋಗುತ್ತಿದ್ದಿರಾ? ಬೆಟ್ಟಕ್ಕೆ ಹೋಗುತ್ತಿದ್ದೆ. ಕಡಲಿಗಂತೂ ಖಂಡಿತ. ಗೆಳತಿಯರ ಜೊತೆ ಹೋದದ್ದು, ನಿಜ ಹೇಳಬೇಕೆಂದರೆ, ಫೋಟೋಗಾಗಿ ಮತ್ತು ಗುಂಪಿನಲ್ಲಿ ನಾನೊಬ್ಬಳೇ ಬರಲ್ಲ ಅನ್ನಲು ಸಂಕೋಚವಾದದ್ದಕ್ಕಾಗಿ.

ಇನ್ನು ಆ ಕೊನೆಯ ಟ್ರಿಪ್. ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನನ್ನ ಹಣ ಹೆಚ್ಚಾಗಿ ಹರಿದುಹೋದದ್ದು ಅಂಥವಕ್ಕೇ. ನೆದರ್ಲೆಂಡ್ಸ್‌ನಲ್ಲಿ 1,530 ಜನರನ್ನು ವಿಚಾರಿಸಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅವರಲ್ಲಿ 974 ಮಂದಿ ರಜೆಗೆ ಹೋಗಿದ್ದರು. ಹೋಗುವ ಮುಂಚೆ ಅವರು ಹೋಗದವರಿಗಿಂತ ಖುಷಿಯಾಗಿದ್ದರು. ಬಂದ ಮೇಲೆ ಇಬ್ಬರಿಗೂ ಹೆಚ್ಚುಕಡಿಮೆ ವ್ಯತ್ಯಾಸವೇ ಇರಲಿಲ್ಲ. ತುಂಬಾ ನೆಮ್ಮದಿಯಾಗಿ ಕಳೆದೆವು ಎಂದವರಲ್ಲಿ ಮಾತ್ರ ಖುಷಿ ಕೆಲವು ವಾರ ಉಳಿದಿತ್ತು. ಅದೇ ದೇಶದಲ್ಲಿ ಈ ವಿಷಯದ ಮೇಲೆ ಕೆಲಸ ಮಾಡಿದ ಯೆಸ್ಸಿಕಾ ಡಿ ಬ್ಲೂಮ್ ಮತ್ತು ಅವರ ಸಂಗಡಿಗರು ಕಂಡದ್ದೂ ಇದಕ್ಕೆ ಹತ್ತಿರದ್ದು. ರಜೆಯಲ್ಲಿ ಆರೋಗ್ಯವೂ ಮನಸ್ಸೂ ನಿಜವಾಗಿ ಸುಧಾರಿಸುತ್ತವೆ. ಆದರೆ ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅದು ಇಳಿದುಹೋಗುತ್ತದೆ. ಹೆಚ್ಚು ದಿನ ಹೋಗಿಬಂದರೂ ಇಳಿಯುವ ವೇಗ ಬದಲಾಗುವುದಿಲ್ಲ.

ಇದನ್ನು ಓದಿ ಕೆಲವರು, ಹಾಗಾದರೆ ಟ್ರಿಪ್ಪೇ ದಂಡ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಿದ್ದೆಯ ಫಲವೂ ಮರುದಿನ ರಾತ್ರಿಗೆ ಮುಗಿಯುತ್ತದೆ, ಅದಕ್ಕೆ ನಿದ್ದೆ ದಂಡ ಅನ್ನುತ್ತೇವಾ? ಹಾಗೆ ನೋಡಿದರೆ ಬೇಗ ಇಳಿದುಹೋಗುವುದರಿಂದಲೇ ವರ್ಷಕ್ಕೊಂದು ಉದ್ದನೆಯ ರಜೆಗಿಂತ ಆಗಾಗ ಸಣ್ಣ ಸಣ್ಣ ಬಿಡುವು ಒಳ್ಳೆಯದು. ಆಗಾಗ ಹೋಗುವುದು ತಪ್ಪಲ್ಲ. ನನ್ನ ತಪ್ಪು ಬೇರೆಯೇ ಇತ್ತು. ದಿನವೂ ಹತ್ತು ಗಂಟೆಗೆ ಮನೆ ಸೇರಿ, ಭಾನುವಾರವೂ ಲ್ಯಾಪ್‌ಟಾಪ್ ತೆಗೆದು, ಎರಡು ತಿಂಗಳಿಗೊಮ್ಮೆ ಅದರಿಂದ ತಪ್ಪಿಸಿಕೊಳ್ಳಲು ದುಡ್ಡು ಕೊಟ್ಟು ದೂರ ಓಡುತ್ತಿದ್ದೆ. ವಾಪಸ್ ಬಂದ ವಾರದೊಳಗೆ ಮತ್ತೆ ಅಷ್ಟೇ ಸುಸ್ತು. ಮತ್ತೆ ಮೊಬೈಲಿನಲ್ಲಿ ಟಿಕೆಟ್ ಹುಡುಕಾಟ. ತಲೆನೋವಿಗೆ ಮಾತ್ರೆ ನುಂಗುತ್ತಾ ಕನ್ನಡಕ ಬದಲಾಯಿಸದೆ ಇದ್ದ ಹಾಗೆ. ಮಾತ್ರೆ ಕೆಲಸ ಮಾಡುತ್ತದೆ, ಅದೇ ಅದರ ತೊಂದರೆ. ಕೆಲಸದ ವೇಳೆ ಕಡಿಮೆ ಮಾಡಿ ಅಂತ ಕೇಳಲು ನನಗೆ ಧೈರ್ಯವಿರಲಿಲ್ಲ. ಧೈರ್ಯ ಇರಲಿಲ್ಲ, ಏಕೆಂದರೆ ಖಾತೆಯಲ್ಲಿ ಇದ್ದದ್ದು 23 ದಿನ. ಆಗಲ್ಲ ಅಂದುಬಿಟ್ಟರೆ, ಕೆಲಸವೇ ಹೋದರೆ, 24ನೇ ದಿನ ಏನು ಮಾಡುವುದು? ಸುಸ್ತಿಗೆ ಟ್ರಿಪ್, ಟ್ರಿಪ್ಪಿಗೆ ಹಣ, ಹಣ ಖಾಲಿಯಾದ್ದಕ್ಕೆ ಹೆದರಿಕೆ, ಹೆದರಿಕೆಯಿಂದ ಇನ್ನಷ್ಟು ಕೆಲಸ, ಅದರಿಂದ ಮತ್ತೆ ಸುಸ್ತು. ಗಾಣದ ಸುತ್ತ ತಿರುಗಿದ ಹಾಗೆ ಮೂರು ವರ್ಷ ತಿರುಗಿದೆ.

ಸಾಲ ಮಾಡಿ ಹೋಗುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ನೂರಕ್ಕೆ 3ರಂತೆ ಬಡ್ಡಿ ಎಂದರೆ ಸಣ್ಣದು ಅನ್ನಿಸುತ್ತದೆ. ಹಾಗೇ ಬಿಟ್ಟರೆ ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ನೂರಕ್ಕೆ ಸುಮಾರು 42.6 ಆಗುತ್ತದೆ. ಮುಗಿದುಹೋದ ರಜೆಗೆ ಮುಂದಿನ ವರ್ಷದ ದುಡಿಮೆಯನ್ನು ಕೊಡುವುದು ಅದು. ಒಮ್ಮೆ ಮಾಡಿದ್ದೇನೆ. ಇನ್ನು ಮಾಡುವುದಿಲ್ಲ.

ಉಳಿತಾಯದ ಪರ ಮಾತಾಡುವವರು ಹೇಳುವ ಒಂದು ಲೆಕ್ಕವನ್ನೂ ಇಲ್ಲಿ ಬಿಡಿಸಬೇಕು. 25ನೇ ವಯಸ್ಸಿನಲ್ಲಿ ಟ್ರಿಪ್ ಬಿಟ್ಟು ಆ ಹಣವನ್ನು ವರ್ಷಕ್ಕೆ ನೂರಕ್ಕೆ 8 ಬೆಳೆಯುವ ಕಡೆ ಇಟ್ಟರೆ 60ರ ಹೊತ್ತಿಗೆ ಅದು ಹದಿನಾಲ್ಕು ಪಟ್ಟು ದಾಟುತ್ತದೆ ಎನ್ನುತ್ತಾರೆ. ಗುಣಾಕಾರ ಸರಿ ಇದೆ. ಆದರೆ ಅಷ್ಟರಲ್ಲಿ ಬೆಲೆಗಳು ಸುಮ್ನೆ ಕೂತಿರುವುದಿಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ, ಆ 35 ವರ್ಷದಲ್ಲಿ ಹಣದ ನಿಜವಾದ ಶಕ್ತಿ ಎರಡು ಪಟ್ಟೂ ಆಗುವುದಿಲ್ಲ. ಅಂದರೆ ಅವತ್ತು ಬಿಟ್ಟ ಒಂದು ಟ್ರಿಪ್ಪಿಗೆ ಬದಲಾಗಿ 60ರಲ್ಲಿ ಸಿಗುವುದು ಹೆಚ್ಚೆಂದರೆ ಎರಡು. ಅದೂ 60ರ ಮಂಡಿಗಳ ಜೊತೆ. ಎಳೆಯರನ್ನು ಹದಿನಾಲ್ಕು ಪಟ್ಟಿನ ಆಸೆ ತೋರಿಸಿ ಮನೆಯಲ್ಲಿ ಕೂರಿಸುವುದು ನನಗೆ ಇಷ್ಟವಿಲ್ಲ. ಉಳಿಸಬೇಕು ಎನ್ನಲು ಇದಕ್ಕಿಂತ ಒಳ್ಳೆಯ ಕಾರಣ ಇದೆ, ಮತ್ತು ಅದಕ್ಕಾಗಿ ಮೂವತ್ತೈದು ವರ್ಷ ಕಾಯಬೇಕಾಗಿಯೂ ಇಲ್ಲ. ಅಕ್ಕನ ಎಂಟು ತಿಂಗಳು ಅವಳಿಗೆ ಉಪಯೋಗಕ್ಕೆ ಬಂದದ್ದು 43ರಲ್ಲಿ.

ಈ ಪ್ರಶ್ನೆಯೇ ಹುಟ್ಟದ ಮನೆಗಳಿವೆ ಎಂಬುದು ನನಗೆ ಗೊತ್ತು. ತಿಂಗಳ ಕೊನೆಗೆ ಸೊನ್ನೆ ಉಳಿಯುವವರಿಗೆ ಟ್ರಿಪ್ಪೋ ಉಳಿತಾಯವೋ ಎಂದು ಕೇಳುವುದು ಅನ್ಯಾಯ. ಸಂಬಳದ ಜೊತೆ ರಜೆ ಎಂಬುದೂ ಸುಲಭವಾಗಿ ಬಂದದ್ದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1936ರಲ್ಲಿ ಮಾಡಿದ ಒಪ್ಪಂದ, ಒಂದು ವರ್ಷ ದುಡಿದವರಿಗೆ ಕನಿಷ್ಠ 6 ಕೆಲಸದ ದಿನಗಳ ಸಂಬಳ ಸಹಿತ ರಜೆ ಕೊಡಬೇಕು ಎಂದಿತು. ಬರೀ ಆರು! ಅದೇ ವರ್ಷ ಫ್ರಾನ್ಸ್ ಮುಷ್ಕರಗಳ ನಡುವೆ ಎರಡು ವಾರದ ಕಾನೂನು ತಂದಿತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿ ವಿಶ್ರಾಂತಿಯನ್ನೂ ಸಂಬಳ ಸಹಿತ ರಜೆಯನ್ನೂ ಹಕ್ಕು ಎಂದು ಬರೆಯಿತು. ನಾಳೆಯ ಕೂಲಿ ಏನಾಗುತ್ತದೋ ಎಂಬ ಚಿಂತೆಯಲ್ಲಿ ಕೂತವರಿಗೆ ಅದು ವಿಶ್ರಾಂತಿಯಾಗುವುದಿಲ್ಲ ಅಂತ ಅವರಿಗೆಲ್ಲ ಗೊತ್ತಿತ್ತು. ಅವರು ಕಾದಾಡಿ ಗಳಿಸಿದ ರಜೆಯನ್ನು ನಾನು ದಪ್ಪ ಪರದೆಯ ರೂಮಿನಲ್ಲಿ ಮಲಗಿ ಮುಗಿಸಿದೆ ಎಂಬುದು ನನಗೆ ಇವತ್ತಿಗೂ ನೋವು.

ಹಾಗಂತ ಅಕ್ಕನದೇ ಸರಿ ಅಂತ ಹೇಳಿ ಮುಗಿಸುವ ಹಾಗೂ ಇಲ್ಲ. ಅಮ್ಮ ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಒಂದು ಭಾನುವಾರ ನಾನು ಫೋನಿನಲ್ಲಿ ಕಡಲಿನ ಫೋಟೋ ತೋರಿಸುತ್ತಿದ್ದೆ. ಅಮ್ಮ ಎರಡೂ ಚಪ್ಪಲಿ ಕೈಯಲ್ಲಿ ಹಿಡಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಾಳೆ. ಅಲೆ ಹಿಂದೆ ಸರಿದಾಗ ಕಾಲಡಿಯ ಮರಳು ಜಾರಿ, ಬಿದ್ದೇ ಬಿಡ್ತೀನೇನೋ ಅಂತ ನನ್ನ ಭುಜ ಹಿಡಿದುಕೊಂಡಿದ್ದಾಳೆ. ಬಾಯಿ ತೆರೆದು ನಗುತ್ತಿದ್ದಾಳೆ. ಹತ್ತು ದಿನ ಮುಂಚೆಯೇ ಬ್ಯಾಗ್ ತುಂಬಿಟ್ಟು, ದಿನಾ ಅದನ್ನು ತೆಗೆದು ಮತ್ತೆ ಜೋಡಿಸುತ್ತಿದ್ದವಳು ಅವಳು. ಅಕ್ಕ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. "ನನ್ನ ದೊಡ್ಡವನಿಗೆ ಹದಿನೈದಾಯ್ತು. ಇನ್ನೂ ಕಡಲು ನೋಡಿಲ್ಲ," ಅಂದಳು. "ಮುಂದಿನ ವರ್ಷ, ಮುಂದಿನ ವರ್ಷ ಅಂತಲೇ ಆಯ್ತು. ಈಗ ಕರೆದ್ರೂ ಬರಲ್ಲ ಅಂತಾನೆ, ಫ್ರೆಂಡ್ಸ್ ಜೊತೆ ಹೋಗ್ತೀನಿ ಅಂತಾನೆ."

ನಾನು ಏನೂ ಹೇಳಲಿಲ್ಲ. ಹಣಕ್ಕೆ ಕಾಯಲು ಬರುತ್ತದೆ. ಹದಿನೈದರ ಹುಡುಗನಿಗೆ ಬರುವುದಿಲ್ಲ. ಅವಳ ಎಂಟು ತಿಂಗಳು ನಮ್ಮೆಲ್ಲರನ್ನೂ ಉಳಿಸಿತು. ಅದರಲ್ಲಿ ಅವಳ ಮಕ್ಕಳ ಕಡಲೂ ಸೇರಿತ್ತು ಎಂಬುದು ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ. ಒಂಬತ್ತು ದಿನ ಕಡಿಮೆ ಇದ್ದಿದ್ದರೂ ಅವಳ ಎಂಟು ತಿಂಗಳು ಏಳು ತಿಂಗಳ ಮೂರು ವಾರ ಆಗುತ್ತಿತ್ತು, ಅಷ್ಟೇ. ನನ್ನ ನೋಟ್‌ಬುಕ್ಕಿನಲ್ಲೂ ಹಾಗೆಯೇ. ಕಡಲಿನ 9 ದಿನಗಳನ್ನು ಮುಟ್ಟದೆ ಉಳಿದ ನಾಲ್ಕನ್ನಷ್ಟೇ ಕೂಡಿಸಿದರೂ 69, ಕೈಯಲ್ಲಿದ್ದ 23 ಸೇರಿ 92. ಅಮ್ಮನಿಗೆ ಸಾಕಾಗುತ್ತಿತ್ತು.

ಈಗ ಸಂಬಳ ಬಂದ ದಿನವೇ ಒಂದು ಭಾಗ ಬೇರೆ ಖಾತೆಗೆ ತಾನಾಗಿಯೇ ಹೋಗುತ್ತದೆ. ಸಂಬಳ ಏರಿದಾಗ ಆ ಭಾಗವೂ ಏರುತ್ತದೆ. ಈ ಉಪಾಯ ನನ್ನದಲ್ಲ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಒಂದು ಕಂಪನಿಯ ನೌಕರರ ಜೊತೆ ಮಾಡಿ ನೋಡಿ 2004ರಲ್ಲಿ ಬರೆದರು. ಈ ಯೋಜನೆಗೆ ಸೇರಿದವರ ಉಳಿತಾಯ 40 ತಿಂಗಳಲ್ಲಿ ನೂರಕ್ಕೆ 3.5ರಿಂದ 13.6ಕ್ಕೆ ಏರಿತ್ತು. ಇದ್ದ ಸಂಬಳದಿಂದ ಕಿತ್ತುಕೊಳ್ಳದೆ, ಬರಲಿರುವ ಏರಿಕೆಯಿಂದ ತೆಗೆಯುವುದರಿಂದ ಮನಸ್ಸಿಗೆ ನೋವಾಗುವುದಿಲ್ಲ. ನಾನು ಈಗ ನೂರಕ್ಕೆ 18ರಲ್ಲಿದ್ದೇನೆ. ನೋಟ್‌ಬುಕ್ಕಿನಲ್ಲಿ ಐದು ತಿಂಗಳು ದಾಟಿದೆ.

ಕೂಡಿಟ್ಟದ್ದು ನಾಲ್ಕು ತಿಂಗಳ ಖರ್ಚಿನಷ್ಟಾದ ವಾರ ನಾನು ಮ್ಯಾನೇಜರ್ ಹತ್ತಿರ ಹೋಗಿ, ಇನ್ನು ಮೇಲೆ ಭಾನುವಾರ ಕೆಲಸ ಮಾಡಲಾಗುವುದಿಲ್ಲ ಅಂದೆ. ಮಾತು ನಡುಗಲಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ, ಸರಿ ಅಂದರು. ಆಮೇಲೆ ಗುರುವಾರ ರಾತ್ರಿ ಟಿಕೆಟ್ ಹುಡುಕುವುದು ತಾನಾಗಿಯೇ ನಿಂತಿತು. ಸಂಜೆ ಏಳಕ್ಕೆ ಮನೆಗೆ ಬರುತ್ತೇನೆ. ಮಹಡಿಯ ಮೇಲೆ ಗಾಳಿ ಬೀಸುವ ಕಡೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅದಕ್ಕೆ ಏನೂ ಖರ್ಚಿಲ್ಲ.

ಟ್ರಿಪ್ ಬಿಟ್ಟಿಲ್ಲ. ಈ ವರ್ಷ ಒಮ್ಮೆ ಬೆಟ್ಟಕ್ಕೆ ಹೋಗಿಬಂದೆ. ಮೊನ್ನೆ ಅಮ್ಮ ಕೋಲೂರಿಕೊಂಡು ಬಂದು ನನ್ನ ಎದುರು ಕೂತು, "ಇನ್ನೊಂದ್ ಸಲ ಕಡಲಿಗೆ ಕರ್ಕೊಂಡು ಹೋಗ್ತೀಯಾ? ನೀರಿಗೆ ಇಳಿಯಲ್ಲ. ಸುಮ್ನೆ ಕೂತು ನೋಡ್ತೀನಿ," ಅಂದಳು. ನೋಟ್‌ಬುಕ್ ತೆಗೆದು ಕಡಲು, 9 ದಿನ ಅಂತ ಬರೆದೆ. ಅಕ್ಕನಿಗೆ ಫೋನ್ ಮಾಡಿದೆ. ನಾವಿಬ್ಬರೇ ಅಲ್ಲ, ನೀನೂ ಮಕ್ಕಳೂ ಬರಬೇಕು, ಖರ್ಚು ನನ್ನದು ಅಂದೆ. ಅಕ್ಕ ಎಷ್ಟಾಗುತ್ತೆ ಅಂತ ಕೇಳಲಿಲ್ಲ. "ಎಷ್ಟು ದಿನ ಆಗುತ್ತೆ?" ಅಂತ ಕೇಳಿದಳು.

20 ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದೊಡ್ಡವನನ್ನು ಕೂಗಿ ಕರೆಯುವುದು ಕೇಳಿಸಿತು.